ಅಕ್ಕೋರು ಕಂಡ ಕಪ್ಪು ಪಟ್ಟಿ

ಹೋದ ತಿಂಗಳು ಹಾವೇರಿ ಕಡೆಯಿಂದ ಒಂದು ಫೋನು ಬಂತು. ನಿಮ್ಮ ಅಮ್ಮ ಎತ್ತಿ, ಕೇಳಿಸಿಕೊಂಡು ನನ್ನ ಕೈಗೆ ಕೊಟ್ಟಳು. ಆ ಕಡೆಯಿಂದ ಒಬ್ಬ ಹುಡುಗಿ, ನಮ್ಮ ಸೋದರತ್ತೆ ತೀರಿಕೊಂಡರು, ನಿಮಗೆ ತಿಳಿಸಬೇಕೆಂದು ಅವರೇ ನಂಬರು ಬರೆಸಿಟ್ಟಿದ್ದರು ಎಂದಳು. ನಾನು ಹೂಂ ಅಂದೆ. ಫೋನಿನಲ್ಲಿ ಮಾತಾಡುವುದು ನನಗೆ ಇವತ್ತಿಗೂ ಬರುವುದಿಲ್ಲ.

ಯಾರು ಅಮ್ಮಮ್ಮ, ಎಂದು ನೀವಿಬ್ಬರೂ ಕೇಳಿದಿರಿ. ಶಾಲೆಯ ಅಕ್ಕೋರು ಎಂದಷ್ಟೇ ಹೇಳಿದೆ. ಬಾಯಲ್ಲಿ ಹೇಳಲು ಆಗದ್ದನ್ನು ಈಗ ಯಲ್ಲಾಪುರದ ನಿಮ್ಮ ಮನೆಯ ಹಿಂದಿನ ಕಟ್ಟೆಯ ಮೇಲೆ ಕೂತು ಬರೆಯುತ್ತಿದ್ದೇನೆ. ನಾನು ಓದಿದ್ದು ಕಾನಸೂರಿನ ಹತ್ತಿರದ ಹಳ್ಳಿ ಶಾಲೆಯಲ್ಲಿ, ಏಳನೆಯ ತರಗತಿವರೆಗೆ. ತಪ್ಪಿದ್ದಲ್ಲಿ ತಿದ್ದಿಕೊಳ್ಳಿ. ಅವರ ಹೆಸರು ಬರೆಯುವುದಿಲ್ಲ. ಬದುಕಿದ್ದಾಗಲೂ ನಾನು ಅವರನ್ನು ಹೆಸರು ಹಿಡಿದು ಕರೆದವಳಲ್ಲ.

ಶಿರಸಿಯಿಂದ ಬನವಾಸಿ ಕಡೆಯ ಬಸ್ಸು ಹತ್ತಿ ಮುಕ್ಕಾಲು ತಾಸು ಕೂತರೆ ಅಕ್ಕೋರೂ ನಾನೂ ಇದ್ದ ಊರು ಬರುತ್ತಿತ್ತು. ಅಲ್ಲಿಗೆ ಗುಡ್ಡ ಮುಗಿದು ಬಯಲು ಶುರುವಾಗುತ್ತದೆ. ಜನರ ಮಾತೂ ಬದಲಾಗುತ್ತದೆ. ನಿಮ್ಮ ಅಜ್ಜ ಅಲ್ಲಿಯ ಸೊಸೈಟಿಯಲ್ಲಿ ಗುಮಾಸ್ತರಾಗಿದ್ದರು. ಅವರು ತೀರಿಕೊಂಡಾಗ ನಿಮ್ಮ ಅಮ್ಮ ಇನ್ನೂ ಶಿರಸಿಯ ಕಾಲೇಜಿಗೆ ಹೋಗುತ್ತಿದ್ದಳು. ತವರಿಗೆ ಹೋಗಿ ಕೂರಲು ಮನಸ್ಸು ಬರಲಿಲ್ಲ. ಊರಿನ ಶಾಲೆಯಲ್ಲಿ ಬಿಸಿಯೂಟದ ಅಡುಗೆಗೆ ಸೇರಿದೆ. ಅಕ್ಕೋರು ಆ ಶಾಲೆಯ ಹೆಡ್‌ಮಾಸ್ತರು.

ಎತ್ತರದ ಹೆಂಗಸು. ಸೀರೆಯನ್ನು ನೆಲದಿಂದ ಒಂದು ಗೇಣು ಮೇಲಕ್ಕೆ ಉಡುತ್ತಿದ್ದರು, ಕೆಸರಿಗೆ ಇಳಿಯಲು ಸುಲಭವಾಗಲಿ ಎಂದು. ಕೈಯಲ್ಲಿ ಯಾವಾಗಲೂ ಒಂದು ಕೊಡೆ. ಅದು ಬಿಚ್ಚಿದ್ದನ್ನು ನಾನು ಎರಡು ಸಲ ಮಾತ್ರ ನೋಡಿದ್ದೇನೆ. ಮದುವೆಯಾಗಿರಲಿಲ್ಲ. ಅದರ ಬಗ್ಗೆ ಯಾರಾದರೂ ಕೇಳಿದರೆ, ಪುರಸೊತ್ತಾಗ್ಲಿಲ್ಲ ಎಂದು ನಗದೆ ಹೇಳುತ್ತಿದ್ದರು.

ಸೇರಿದ ಎರಡನೇ ವಾರವೋ ಏನೋ, ನಾನು ಅಡುಗೆಮನೆಯ ಬಾಗಿಲಲ್ಲಿ ಮೊರ ಹಿಡಿದು ಅಕ್ಕಿಯಲ್ಲಿ ಕಲ್ಲು ಆರಿಸುತ್ತಿದ್ದೆ. ಸರಕಾರದ ಅಕ್ಕಿಯಲ್ಲಿ ಬರುವ ಕಲ್ಲು ಅಕ್ಕಿಯದೇ ಬಣ್ಣ, ಅಕ್ಕಿಯದೇ ಗಾತ್ರ. ತಲೆ ಎತ್ತಿದಾಗ ಅಕ್ಕೋರು ನಿಂತಿದ್ದರು. ಎಷ್ಟು ಹೊತ್ತಿನಿಂದ ನೋಡುತ್ತಿದ್ದರೋ ಗೊತ್ತಿಲ್ಲ. “ನಿಮ್ಮ ಕಣ್ಣು ಛಲೋ ಅದಾವ. ನಾಳೆ ಮುಂಜಾನೆ ಕೆರಿಗೆ ಬರ್ರಿ,” ಅಂದರು. ಪಾತ್ರೆ ತೊಳೆಯುವ ಕೆಲಸವೇನೋ ಎಂದುಕೊಂಡು ಮರುದಿನ ಹುಣಸೆಹಣ್ಣು, ಬೂದಿ ಹಿಡಿದುಕೊಂಡು ಹೋದೆ. ಅದನ್ನು ನೋಡಿ ಅವರು ನಕ್ಕದ್ದು ಕೆರೆಯ ಆಚೆ ದಡಕ್ಕೂ ಕೇಳಿರಬೇಕು.

ಸುಗ್ಗಿ ಮುಗಿದ ಮೇಲೆ ಆ ಕೆರೆಯ ನೀರು ದಿನದಿಂದ ದಿನಕ್ಕೆ ಹಿಂದೆ ಸರಿಯುತ್ತದೆ. ಬಿಟ್ಟುಹೋದ ಕೆಸರಿನ ಮೇಲೆ ಕಂದು ಬಣ್ಣದ ಸಣ್ಣ ಹಕ್ಕಿಗಳು ಓಡಾಡುತ್ತವೆ. ಎಷ್ಟು ಜಾತಿ ಕಾಣುತ್ತವೆ ಎಂದು ಕೇಳಿದರು. ಒಂದು ಎಂದೆ. ಐದು ಇವೆ, ಅವಸರವಿಲ್ಲ ಎಂದರು. ಐದನ್ನೂ ನನ್ನ ಕಣ್ಣಿನಿಂದಲೇ ಬೇರೆ ಮಾಡಲು ನನಗೆ ಎರಡು ಚಳಿಗಾಲ ಬೇಕಾಯಿತು.

ಕೆರೆಯಲ್ಲಿ ಅವರು ಯಾವುದನ್ನೂ ಬೆರಳು ಮಾಡಿ ತೋರಿಸುತ್ತಿರಲಿಲ್ಲ. ತೋಳೆತ್ತಿದರೆ ಹಕ್ಕಿಗೆ ಕಲ್ಲು ಬಂತು ಎಂದೇ ಅರ್ಥ. ಮಾತಿನಲ್ಲೇ ಜಾಗ ಹೇಳಬೇಕು: ಕೆಸರಲ್ಲಿ ಹೂತ ಬೊಡ್ಡೆಯಿಂದ ನಾಲ್ಕು ಮಾರು ನೀರಿನ ಕಡೆಗೆ, ಹೀಗೆ. ನನ್ನಂಥ ಬಾಯಿ ಬಾರದವಳು ಹಾಗೆ ಹೇಳಲು ಕಲಿತದ್ದೇ ದೊಡ್ಡದು. “ಬಣ್ಣ ಬಿಡು ತಂಗಿ,” ಅನ್ನುತ್ತಿದ್ದರು, “ಬಣ್ಣ ಬಿಸಲಿನ ಮಾತು ಕೇಳ್ತತಿ. ನಡಿಗಿ ನೋಡು, ಕಾಲು ನೋಡು.” ದೂರದ ಗದ್ದೆಬದುವಿನ ಮೇಲೆ ಹೆಂಗಸರು ಸಾಲಾಗಿ ಹೋಗುತ್ತಿದ್ದರೆ ಮುಖ ಕಾಣದಿದ್ದರೂ ಇಂಥವಳೇ ಎಂದು ನಾವು ಹೇಳುವುದಿಲ್ಲವೇ? ಹಾಗೆ. ಬಾಲವನ್ನು ಒಂದು ಗಳಿಗೆಯೂ ಬಿಡದೆ ಕುಣಿಸುತ್ತ, ದಡದ ಅಂಚಿನಲ್ಲಿ ಒಂಟಿಯಾಗಿ ಓಡಾಡುವುದು ಒಂದು ಗದ್ದೆಗೊರವ. ಅದರ ಹೆಗಲ ಹತ್ತಿರ ಎದೆಯ ಬಿಳಿ ಮೇಲಕ್ಕೆ ನುಗ್ಗಿರುತ್ತದೆ. ಬೆನ್ನಿನ ಮೇಲೆ ಎಳ್ಳು ಚೆಲ್ಲಿದ ಹಾಗಿದ್ದು, ಕಾಲು ತುಸು ಹಳದಿ, ಹುಬ್ಬಿನ ಬಿಳಿಗೆರೆ ಕಣ್ಣು ದಾಟಿ ಹಿಂದಕ್ಕೆ ಹೋಗಿದ್ದರೆ ಅದು ಇನ್ನೊಂದು. ಹುಬ್ಬು ಕಣ್ಣಿನವರೆಗೆ ಬಂದು ನಿಂತು, ಬೆನ್ನು ಕಪ್ಪಾಗಿದ್ದರೆ ಮತ್ತೊಂದು.

ಒಮ್ಮೆ ಪೇಟೆಯಿಂದ ನಾಲ್ವರು ದೊಡ್ಡ ಕ್ಯಾಮೆರಾ ಹೊತ್ತು ಬಂದಿದ್ದರು. ಒಂದು ಹಕ್ಕಿ ತೋರಿಸಿ ಅದು ಎಳ್ಳು ಬೆನ್ನಿನದೇ ಎಂದು ಹೆಸರು ಹೇಳಿದರು. ಅಕ್ಕೋರು ಅಲ್ಲ ಎಂದರು. ವಾದ ಮಾಡಲಿಲ್ಲ. ಅವರನ್ನೂ ನನ್ನನ್ನೂ ಏರಿಯ ಮೇಲೆ ಕೂರಿಸಿದರು. ಒಂದು ತಾಸಿನ ಮೇಲಾಯಿತು. ಬಂದವರಲ್ಲಿ ಇಬ್ಬರು ಎದ್ದು ಹೋದರು. ಕೊನೆಗೆ ಎಮ್ಮೆಯೊಂದು ನೀರಿಗೆ ಇಳಿದಾಗ ಹಕ್ಕಿ ಎದ್ದಿತು. ರೆಕ್ಕೆಯ ಅಡಿ ಇದ್ದಲಿನ ಹಾಗೆ ಕಪ್ಪು, ಅದು ಮೂರನೆಯದು. ಎಳ್ಳು ಬೆನ್ನಿನದಕ್ಕೆ ರೆಕ್ಕೆಯ ಅಡಿ ಬೆಳ್ಳಗಿರುತ್ತದೆ. ಅಕ್ಕೋರು ಸೀರೆಯ ಧೂಳು ಕೊಡವಿ ಎದ್ದರು. ಅವರಿಗೆ ತಮ್ಮ ಕಣ್ಣಿನ ಮೇಲೆ ಅಂಥ ನಂಬಿಕೆ. ಗರ್ವ ಎಂದರೂ ತಪ್ಪಲ್ಲ.

ಅವರು ಸಿಟ್ಟಿನವರು. ಹಕ್ಕಿ ನೋಡುವಾಗ ಕೆಮ್ಮಿದರೂ ಬೈಯುತ್ತಿದ್ದರು. ಮನೆಗೆ ಬಂದ ಮೇಲೆ ತಾವೇ ಶುಂಠಿ ಜಜ್ಜಿ ಕಷಾಯ ಮಾಡಿ ಕೊಡುತ್ತಿದ್ದರು, ಬೈದದ್ದರ ಬಗ್ಗೆ ಒಂದು ಮಾತು ಆಡದೆ.

ಈಗ ಕೆರೆಬೇಟೆಯ ವಿಷಯ ಹೇಳಬೇಕು. ಆ ಸೀಮೆಯಲ್ಲಿ ಬೇಸಿಗೆಯ ಕೊನೆಗೆ ಕೆರೆಯ ನೀರು ತೊಡೆಮಟ್ಟಕ್ಕೆ ಇಳಿದಾಗ ಊರು ಸೇರಿ ಒಂದು ದಿನ ಗೊತ್ತು ಮಾಡುತ್ತಾರೆ. ಸುತ್ತಲಿನ ಹಳ್ಳಿಗಳಿಗೆ ಹೇಳಿ ಕಳಿಸುತ್ತಾರೆ. ಬಿದಿರಿನಿಂದ ಹೆಣೆದ, ಅಡಿಯೂ ಮೇಲೂ ತೆರೆದ ಬುಟ್ಟಿಗೆ ಕೂಣಿ ಅನ್ನುತ್ತಾರೆ. ಅದನ್ನು ಹಿಡಿದು ನೂರಾರು ಜನ ದಡದಲ್ಲಿ ನಿಲ್ಲುತ್ತಾರೆ. ಕೆರೆಗೆ ಪೂಜೆ ಆಗಿ ಹಿರಿಯರು ಕೈ ಬೀಸಿದ ಕೂಡಲೇ ಎಲ್ಲರೂ ಒಮ್ಮೆಗೇ ನೀರಿಗೆ ನುಗ್ಗಿ, ಕೂಣಿಯನ್ನು ಕೆಸರಿಗೆ ಒತ್ತಿ, ಮೇಲಿನಿಂದ ಕೈ ಹಾಕಿ ಮೀನು ಹಿಡಿಯುತ್ತಾರೆ. ಆ ದಿನಕ್ಕಾಗಿ ಜನ ವರ್ಷವಿಡೀ ಕಾಯುತ್ತಾರೆ. ಮದುವೆ ಮಾಡಿಕೊಟ್ಟ ಹೆಣ್ಣುಮಕ್ಕಳು ತವರಿಗೆ ಬರುತ್ತಾರೆ.

ಅಕ್ಕೋರಿಗೂ ನನಗೂ ಮೀನು ಆಗದು. ಹಾಗಂತ ಅವರು ಕೆರೆಬೇಟೆ ಬೇಡ ಎಂದು ಎಂದೂ ಹೇಳಿದವರಲ್ಲ. ಅದು ಊರಿನವರ ಹಕ್ಕು ಅನ್ನುತ್ತಿದ್ದರು. ಕೇಳಿಕೊಂಡದ್ದು ಒಂದೇ. ಜನ ಬಂದು ನಿಲ್ಲುವ ಮೂಡಣ ದಡದ ಹರಳು ನೆಲದಲ್ಲಿ ಕೆಲವು ವರ್ಷ ಒಂದು ಸಣ್ಣ ಗೊರವ ಹಕ್ಕಿ ಮೊಟ್ಟೆ ಇಡುತ್ತದೆ. ಗೂಡು ಎಂದರೆ ಗೂಡಲ್ಲ, ನೆಲದಲ್ಲಿ ಒಂದು ಬೊಗಸೆ ತಗ್ಗು. ಹಾಗೆ ಮೊಟ್ಟೆ ಇದ್ದ ವರ್ಷ ಮರಿ ಓಡುವವರೆಗೆ ಕಾಯಿರಿ, ಇಲ್ಲದ ವರ್ಷ ನಿಮಗೆ ಬೇಕಾದಾಗ ಮಾಡಿರಿ ಎಂದಿದ್ದರು. ಊರಿನ ಅರ್ಧ ಜನಕ್ಕೆ ಅಕ್ಷರ ಕಲಿಸಿದವರ ಮಾತು. ಕೆರೆ ಕಮಿಟಿಯವರು ಒಪ್ಪಿದ್ದರು. ಅವರು ನಿವೃತ್ತರಾದ ಮೇಲೂ ಪ್ರತಿ ವರ್ಷ ಅವರನ್ನು ಕೇಳಿಯೇ ತಾರೀಖು ಇಡುತ್ತಿದ್ದರು.

ಕಷ್ಟವೇನೆಂದರೆ, ಅಂಥದೇ ಇನ್ನೊಂದು ಗೊರವ ಚಳಿಗಾಲದಲ್ಲಿ ಬಂದು ಬೇಸಿಗೆಗೆ ಹೊರಟುಹೋಗುತ್ತದೆ. ಎರಡೂ ಮುಷ್ಟಿಯಷ್ಟೇ, ಮೇಲೆ ಮಣ್ಣಿನ ಬಣ್ಣ, ಕೆಳಗೆ ಬಿಳಿ, ನಾಲ್ಕು ಹೆಜ್ಜೆ ಓಡಿ ಗಕ್ಕನೆ ನಿಲ್ಲುವ ಚಾಳಿ. ಮೊಟ್ಟೆ ಇಡುವುದಕ್ಕೆ ಕಣ್ಣಿನ ಸುತ್ತ ಹಳದಿ ಉಂಗುರ, ಎದೆಯ ಮೇಲೆ ತುಂಬು ಕಪ್ಪು ಪಟ್ಟಿ, ಮಾಸಲು ಕಾಲು. ಬಂದು ಹೋಗುವುದಕ್ಕೆ ಉಂಗುರವಿಲ್ಲ, ಕಾಲು ಕಪ್ಪು, ಪಟ್ಟಿ ಎರಡು ಬದಿಯಿಂದ ಬಂದು ನಡುವೆ ಕಡಿದಿರುತ್ತದೆ. ನನಗೆ ಸುಲಭವಾಗಲೆಂದು ಅಕ್ಕೋರು ಮೊದಲನೆಯದಕ್ಕೆ ಉಂಗುರದ ಹಕ್ಕಿ, ಎರಡನೆಯದಕ್ಕೆ ಕಡಲ ಹಕ್ಕಿ ಎಂದು ಹೆಸರಿಟ್ಟಿದ್ದರು.

ಅವರು ನಿವೃತ್ತರಾಗಿ ನಾಲ್ಕನೆಯ ಬೇಸಿಗೆ. ಕಮಿಟಿಯ ಹಿರಿಯ ಗೌಡರು ಇಬ್ಬರನ್ನು ಕರೆದುಕೊಂಡು ಏರಿಗೆ ಬಂದರು. ತಮಾಷೆಯ ಮನುಷ್ಯ. “ಅಕ್ಕಾರ, ನಿಮ್ಮ ಬೀಗರು ಊರಿಗೆ ಹೊಂಟ್ರೋ, ಹಬ್ಬ ಮುಗಿಸೇ ಹೋಗವ್ರೋ?” ಎಂದು ಕೇಳಿದರು. ಹರಳು ನೆಲದ ಮೇಲೆ ಒಂದು ಜೋಡಿ ಗೊರವ ಓಡಾಡುತ್ತಿತ್ತು. ಅಕ್ಕೋರು ದುರ್ಬೀನು ಎತ್ತಿದರು. ತುಂಬ ಹೊತ್ತು ನೋಡಿದರು. ಕೆಳಗಿಳಿಸಿ ಕಣ್ಣು ಒರೆಸಿಕೊಂಡು ಮತ್ತೆ ನೋಡಿದರು. ಪಟ್ಟಿ ನಡುವೆ ಕಡಿದಿದೆ, ಕಡಲ ಹಕ್ಕಿ, ಹದಿನೈದು ದಿನದಲ್ಲಿ ಹೋಗುತ್ತವೆ, ತಾರೀಖು ಇಟ್ಟುಕೊಳ್ಳಿ ಎಂದರು.

ನಾನು ಅವರ ಹಿಂದೆ ನಿಂತಿದ್ದೆ. ಬರಿಗಣ್ಣಿಗೆ ಅಷ್ಟು ದೂರದಿಂದ ಉಂಗುರ ಕಾಣುವುದಿಲ್ಲ. ಆದರೆ ಕಾಲು ಕಪ್ಪಾಗಿ ಕಾಣಲಿಲ್ಲ. ಕಪ್ಪು ಕಾಲಾದರೆ ಬಿಸಿಲಲ್ಲಿ ಎರಡು ಕಡ್ಡಿ ನೆಟ್ಟ ಹಾಗೆ ಎದ್ದು ಕಾಣಬೇಕು. ನನಗೆ ಕಂಡದ್ದು ಮಣ್ಣಿನಲ್ಲಿ ಕರಗಿದಂಥ ಕಾಲು. ನನ್ನದೇ ತಪ್ಪಿರಬೇಕು ಎಂದುಕೊಂಡೆ. ಅವರು ದುರ್ಬೀನಿನಲ್ಲಿ ನೋಡಿದವರು, ಕಲಿಸಿದವರು. ಮೂವರು ಗಂಡಸರ ಎದುರು ಬಾಯಿ ಬಿಡುವುದು ನನ್ನಿಂದಾಗದ ಕೆಲಸವೂ ಹೌದು. ಸುಮ್ಮನಿದ್ದೆ. ಸಂಜೆಯೊಳಗೆ ಮುಂದಿನ ವಾರ ಬಿಟ್ಟು ಅದರಾಚೆಯ ಭಾನುವಾರ ಎಂದು ವಾಟ್ಸಾಪಿನಲ್ಲಿ ಸುತ್ತಲಿನ ಊರುಗಳಿಗೆಲ್ಲ ಹೋಯಿತು.

ಆ ಕಾಲು ನನ್ನನ್ನು ಬಿಡಲಿಲ್ಲ. ಅನ್ನ ಬಸಿಯುವಾಗ, ನೀರು ಸೇದುವಾಗ ಅದೇ. ಕೆರೆಬೇಟೆಗೆ ಮೂರು ದಿನ ಇದೆ ಎನ್ನುವಾಗ, ಗುರುವಾರ ಬೆಳಿಗ್ಗೆ ಒಬ್ಬಳೇ ಹೋದೆ. ಹರಳು ನೆಲದ ಅಂಚಿನ ಜಾಲಿಗಿಡದ ಬುಡದಲ್ಲಿ ಅಲುಗಾಡದೆ ಕೂತೆ. ಅರ್ಧ ತಾಸಿನ ಮೇಲೆ ಒಂದು ಹಕ್ಕಿ ಓಡುತ್ತ, ನಿಲ್ಲುತ್ತ, ನನ್ನಿಂದ ಹತ್ತು ಹನ್ನೆರಡು ಹೆಜ್ಜೆ ದೂರಕ್ಕೆ ಬಂತು. ಕಣ್ಣಿನ ಸುತ್ತ ಅರಿಸಿನದಲ್ಲಿ ಗೀರಿದಂಥ ಹಳದಿ ಉಂಗುರ. ಎದೆಯ ಪಟ್ಟಿ ಈ ಬದಿಯಿಂದ ಆ ಬದಿಗೆ ಎಲ್ಲೂ ಕಡಿಯದೆ ಹೋಗಿತ್ತು. ಅದು ಮೈ ಅಲುಗಿಸಿ ನೆಲಕ್ಕೆ ಕೂತಿತು. ಎದ್ದು ಹೋದಾಗ ಜಾಗ ಗುರುತಿಟ್ಟು ಹತ್ತಿರ ಹೋಗಿ ನೋಡಿದೆ. ಮೊದಲು ಹರಳು ಮಾತ್ರ ಕಂಡವು. ಆಮೇಲೆ ಅವುಗಳಲ್ಲಿ ನಾಲ್ಕು ಮೊಟ್ಟೆಯಾದವು, ಚೂಪು ತುದಿ ಒಳಕ್ಕೆ ಮಾಡಿ ಜೋಡಿಸಿದ್ದು.

ಅಲ್ಲಿಂದ ನೇರ ಅಕ್ಕೋರ ಮನೆಗೆ ಹೋದೆ. ಕಂಡದ್ದನ್ನೆಲ್ಲ ಹೇಳಿದೆ. ಗಾಬರಿಯಾದರೆ ನನ್ನ ಬಾಯಲ್ಲಿ ತವರಿನ ಮಾತೇ ಬರುವುದು, ನಾನು ಎನ್ನಲು ಆನು, ಇದೆ ಎನ್ನಲು ಇದ್ದು.

“ಪಟ್ಟಿ ಕಡದಿತ್ತು. ನಾ ಕಣ್ಣಾರೆ ನೋಡೀನಿ,” ಅಂದರು.

“ಕಡಿದಿಲ್ಲೆ ಅಕ್ಕೋರೆ. ಪೂರ್ತಿ ಇದ್ದು. ನಾಲ್ಕು ಮೊಟ್ಟೆನೂ ಇದ್ದು. ಆನು ನೋಡಿದ್ದಿ.”

“ಏಳನೇತ್ತಾ ಓದಿದಾಕಿ ನನಗ ಹಕ್ಕಿ ಕಲಸಾಕ ಬಂದೀಯೇನು?”

ನಾನು ನೆಲ ನೋಡುತ್ತ ನಿಂತೆ. ಅವರು ಮುಖ ತಿರುಗಿಸಿ ಕಿಟಕಿಯ ಕಡೆ ನೋಡುತ್ತಿದ್ದರು. ಆ ಕಿಟಕಿಗೆ ನಡುವೆ ಅಡ್ಡಲಾಗಿ ಒಂದು ಕಬ್ಬಿಣದ ಸರಳು ಇತ್ತು. ನೋಡುತ್ತ ನೋಡುತ್ತ ಅವರ ಮುಖ ಬದಲಾಯಿತು. ಅಂಗೈಯಿಂದ ಎಡಗಣ್ಣು ಮುಚ್ಚಿಕೊಂಡರು. ಅದನ್ನು ತೆಗೆದು ಬಲಗಣ್ಣು ಮುಚ್ಚಿಕೊಂಡರು. ಆಮೇಲೆ ಬಹಳ ಮೆಲ್ಲಗೆ, “ತಂಗಿ, ಆ ಸರಳು ನಡುವ ಮುರದೈತೇನು?” ಎಂದು ಕೇಳಿದರು.

ಇಲ್ಲೆ ಎಂದೆ.

ಅವರು ಕುರ್ಚಿಯಲ್ಲಿ ಕೂತರು. ಬಲಗೈ ಬೆರಳಿನಿಂದ ಎಡಗೈಯ ಉಗುರುಗಳನ್ನು ಒಂದೊಂದಾಗಿ ಮುಟ್ಟುತ್ತಿದ್ದರು. ನಂತರ ನನ್ನ ಕಡೆ ನೋಡದೆ, ನೀನು ಮನೆಗೆ ಹೋಗು ಎಂದರು.

ದಾರಿಯಲ್ಲಿ ಬರುವಾಗ ಒಂದೊಂದೇ ನೆನಪಾಯಿತು. ಒಂದು ವರ್ಷದಿಂದ ಅವರು ಮಾತಾಡುವಾಗ ಎದುರಿನವರ ಮುಖ ನೋಡದೆ ಕಿವಿಯ ಆಚೆ ನೋಡುತ್ತಿದ್ದರು. ಅಕ್ಕೋರಿಗೆ ಈಗ ಸೊಕ್ಕು ಎಂದು ಕೆಲವರು ಆಡಿಕೊಂಡಿದ್ದರು. ಕಷಾಯ ಲೋಟದ ಪಕ್ಕಕ್ಕೆ ಬೀಳುತ್ತಿತ್ತು. ಬಂದ ಕಾಗದಗಳನ್ನು, ಕನ್ನಡಕ ಎಲ್ಲೋ ಇಟ್ಟೆ ಎಂದು ನನ್ನಿಂದ ಓದಿಸುತ್ತಿದ್ದರು. ಅಂಥ ಒಂದು ಕಾಗದದಲ್ಲಿ ಅವರ ಅಣ್ಣನ ಮಕ್ಕಳು, ಕಣ್ಣಿಗೋ ಕಾಲಿಗೋ ಏನಾದರೂ ಆದರೆ ನಿಮ್ಮನ್ನು ಅಲ್ಲಿ ಒಬ್ಬರೇ ಬಿಡುವುದಿಲ್ಲ, ಬಂದು ಕರೆದುಕೊಂಡು ಹೋಗುತ್ತೇವೆ ಎಂದು ಬರೆದಿದ್ದರು. ಅದನ್ನು ಎರಡು ಸಲ ಓದಿಸಿ, ಮಡಚಿ ಸೊಂಟಕ್ಕೆ ಸಿಕ್ಕಿಸಿಕೊಂಡಿದ್ದರು. ಈಗ ನನಗೆ ಅರ್ಥವಾಯಿತು. ಮೊಟ್ಟೆಯ ವಿಷಯ ಹೊರಗೆ ಬಂದರೆ ಕಣ್ಣಿನ ವಿಷಯವೂ ಬರುತ್ತದೆ. ಆಮೇಲೆ ಅವರಿಗೆ ಈ ಊರಿಲ್ಲ, ಕೆರೆಯಿಲ್ಲ.

ಶುಕ್ರವಾರ ಅವರ ಬಾಗಿಲು ತೆರೆಯಲಿಲ್ಲ. ಎರಡು ಸಲ ಹೋಗಿ ಬಂದೆ. ಒಳಗೆ ರೇಡಿಯೋ ಸಣ್ಣಗೆ ಕೇಳುತ್ತಿತ್ತು. ಗೌಡರ ಮನೆಗೆ ಹೋಗಿ ನಾನೇ ಹೇಳಿಬಿಡಲೇ ಎಂದು ಅವರ ಓಣಿಯ ತುದಿಯವರೆಗೂ ನಡೆದೆ. ಅಲ್ಲಿ ಅಂಗಳದಲ್ಲಿ ನಾಲ್ಕೈದು ಜನ ಕೂಣಿ ಸರಿಮಾಡುತ್ತಿದ್ದರು. ಏನು ಹೇಳಲಿ? ಅಕ್ಕೋರಿಗೆ ಕಣ್ಣು ಕಾಣುವುದಿಲ್ಲ ಎಂದೇ? ನಾನು ಯಾರು ಹಾಗೆ ಹೇಳಲು? ಹೇಳದಿದ್ದರೆ ಭಾನುವಾರ ಸಾವಿರ ಕಾಲು ಆ ಹರಳಿನ ಮೇಲೆ. ವಾಪಸು ಬಂದೆ. ಶನಿವಾರ ನಲ್ಲಿಯ ಹತ್ತಿರ, ನನ್ನ ಜೊತೆ ಶಾಲೆಯಲ್ಲಿ ಅಡುಗೆ ಮಾಡುವ ಗಿರಿಜಕ್ಕ ಸಿಕ್ಕಿ, ನಾಳೆ ನೀವು ಮೂಗು ಮುಚ್ಚಿಕೊಂಡು ಮನೆಯಲ್ಲೇ ಇರಿ ಎಂದು ನಗಿಸಲು ನೋಡಿದಳು. ಅವಳ ಮಗಳು ಎಳೆಗೂಸು ಎತ್ತಿಕೊಂಡು ಸೊರಬದಿಂದ ಬಂದಿದ್ದಳು. ನನಗೆ ನಗು ಬರಲಿಲ್ಲ.

ಭಾನುವಾರ ಬೆಳಿಗ್ಗೆ ಎಂಟಕ್ಕೇ ಏರಿಯ ಮೇಲೆ ಬೈಕು, ಟೆಂಪೋ ಸಾಲುಗಟ್ಟಿದ್ದವು. ಪೂಜೆ ಆಗುವವರೆಗೆ ಯಾರೂ ಏರಿಯಿಂದ ಕೆಳಗೆ ಇಳಿಯಬಾರದು ಎಂಬುದು ಅಲ್ಲಿಯ ಪದ್ಧತಿ. ಹಾಗಾಗಿ ಹರಳು ನೆಲ ಇನ್ನೂ ಖಾಲಿ ಇತ್ತು. ಹಕ್ಕಿ ಕೂತದ್ದು ನನಗೆ ಕಾಣುತ್ತಿತ್ತು. ಬೇರೆ ಯಾರಿಗೂ ಅದು ಹಕ್ಕಿಯಲ್ಲ, ನೆಲ. ಗೌಡರು ತೆಂಗಿನಕಾಯಿ ಹಿಡಿದು ನಿಂತಿದ್ದರು. ಅವರ ಹತ್ತಿರ ಹೋಗಬೇಕೆಂದು ನಾಲ್ಕು ಹೆಜ್ಜೆ ಇಟ್ಟೆ. ಸುತ್ತ ಅಷ್ಟು ಗಂಡಸರು. ನಿಂತುಬಿಟ್ಟೆ.

ಆಗ ಜನ ದಾರಿ ಬಿಟ್ಟರು. ಅಕ್ಕೋರು ಬರುತ್ತಿದ್ದರು. ಕೊಡೆ ನೆಲಕ್ಕೆ ಊರಿ ಊರಿ ಬರುತ್ತಿದ್ದರು, ಹಿಂದೆಂದೂ ಹಾಗೆ ಊರಿದವರಲ್ಲ. ಗೌಡರ ಮುಂದೆ ನಿಲ್ಲದೆ, ನನ್ನ ಸೀರೆಯ ಬಣ್ಣ ಹಿಡಿದು ಬಂದರೋ ಏನೋ, ನೇರ ನನ್ನ ಹತ್ತಿರ ಬಂದು ಮೊಣಕೈ ಹಿಡಿದರು. “ನಡಿ. ಎಲ್ಲೈತಿ ತೋರಸು,” ಎಂದರು.

ನಾವಿಬ್ಬರೂ ಏರಿಯಿಂದ ಇಳಿದೆವು. ಹಿಂದಿನಿಂದ ಯಾರೋ ಕೂಗಿದರು. ಅವರ ಬೆರಳು ನನ್ನ ಮೊಣಕೈಯಲ್ಲಿ ಗಟ್ಟಿಯಾಗಿ ಊರಿತ್ತು. ಇಪ್ಪತ್ತು ಹೆಜ್ಜೆ ಇದೆ ಎನ್ನುವಾಗ ಹಕ್ಕಿ ಎದ್ದು, ಒಂದು ರೆಕ್ಕೆ ಮುರಿದ ಹಾಗೆ ನೆಲಕ್ಕೆ ಎಳೆಯುತ್ತ ನಮ್ಮ ಮುಂದೆ ಮುಂದೆ ಓಡಿತು. ಮೊಟ್ಟೆ ಕಾಣದಿರಲೆಂದು ಅದು ಹೂಡುವ ಆಟ. ಅದೇನು ಮಾಡುತ್ತಿದೆ ಎಂದು ಅಕ್ಕೋರು ಕೇಳಿದರು. ಹೇಳಿದೆ. ಅವರು ಒಮ್ಮೆ ಉಸಿರು ಬಿಟ್ಟರು. ಇನ್ನೆರಡು ಹೆಜ್ಜೆ ಇಡುವಷ್ಟರಲ್ಲಿ ನಾನು ಅವರನ್ನು ಹಿಂದಕ್ಕೆ ಎಳೆದೆ. ಅವರ ಚಪ್ಪಲಿಯಿಂದ ಮೊಟ್ಟೆಗೆ ಒಂದು ಗೇಣೂ ಇರಲಿಲ್ಲ. ಅಲ್ಲೇ ಕಾಲಡಿ ಎಂದೆ. ಅವರು ಬಗ್ಗಿ, ತಲೆಯನ್ನು ಓರೆ ಮಾಡಿ ಎಷ್ಟು ಹೊತ್ತು ನೋಡಿದರೂ ಅವರಿಗೆ ಕಾಣಲಿಲ್ಲ. ಎದ್ದು ಏರಿಯ ಕಡೆ ತಿರುಗಿದರು.

ಏರಿಯ ಬುಡಕ್ಕೆ ಬಂದು, ತರಗತಿಯಲ್ಲಿ ಮಾತಾಡುವ ದನಿಯಲ್ಲಿ ಅವರು ಹೇಳಿದ್ದು ಇಷ್ಟು. “ಎಲ್ಲಾರೂ ಕೇಳ್ರಿ. ನಾ ತಪ್ಪು ಹೇಳೀನಿ. ಅಲ್ಲಿ ತತ್ತಿ ಅದಾವ. ಪಟ್ಟಿ ಕಡದಿದ್ದು ಹಕ್ಕಿಗಲ್ಲ, ನನ್ನ ಕಣ್ಣಿಗೆ. ನನಗ ನಡುವಿಂದು ಕಾಣಂಗಿಲ್ಲ.”

ಎಲ್ಲರೂ ಒಟ್ಟಿಗೆ ಮಾತಾಡಿದರು. ಅಷ್ಟು ದೂರದಿಂದ ಟೆಂಪೋ ಮಾಡಿಕೊಂಡು ಬಂದಿದ್ದೇವೆ ಎಂದರು. ಮುಳ್ಳು ಹಾಕಿ ಆ ಜಾಗ ಬಿಟ್ಟರೆ ಸಾಲದೇ ಎಂದು ಕೆಲವರು ಕೇಳಿದರು. ಅಷ್ಟು ಗದ್ದಲದಲ್ಲಿ ಹಕ್ಕಿ ಕೂರುವುದಿಲ್ಲ, ಈ ಬಿಸಿಲಿಗೆ ಮೊಟ್ಟೆ ಬೇಯುತ್ತದೆ ಎಂದು ಅಕ್ಕೋರು ವಿವರಿಸಿದರು. ಪಕ್ಕದ ಊರಿನ ಒಬ್ಬ ತರುಣ, “ಮೀನು ತಿನ್ನದವರಿಗೆ ನಮ್ಮ ಹಬ್ಬ ಅಂದ್ರ ಆಟ ಆಗೈತಿ,” ಎಂದ. ಎಂಟು ಹತ್ತು ಜನ ಹೌದು ಹೌದು ಎಂದರು. ಕಣ್ಣು ಕಾಣದವರು ಅವತ್ತೂ ಹೇಳಿದರು, ಇವತ್ತೂ ಹೇಳುತ್ತಾರೆ, ಯಾವುದನ್ನು ನಂಬುವುದು ಎಂದು ಇನ್ನೊಬ್ಬ ಕೇಳಿದ. ಅಕ್ಕೋರ ಕೈ ಇನ್ನೂ ನನ್ನ ಮೊಣಕೈಯ ಮೇಲೇ ಇತ್ತು, ಆದರೆ ಈಗ ಹಿಡಿತ ಸಡಿಲಾಗಿತ್ತು.

ಗೌಡರು ನನ್ನ ಕಡೆ ತಿರುಗಿದರು. ತಮಾಷೆ ಇರಲಿಲ್ಲ. “ನೀ ಹೇಳವ್ವಾ. ನೀ ನೋಡೀಯೇನು?”

ಆ ಊರಲ್ಲಿ ಅಷ್ಟು ವರ್ಷ ಇದ್ದೂ ನಾನು ನಾಲ್ಕು ಜನರ ಮುಂದೆ ಮಾತಾಡಿದವಳಲ್ಲ. “ನೋಡಿದ್ದಿ. ಹಳದಿ ಉಂಗುರ ಇದ್ದು, ನಾಲ್ಕು ಮೊಟ್ಟೆ ಇದ್ದು,” ಎಂದೆ. ಅಷ್ಟಕ್ಕೇ ನಿಲ್ಲಿಸಬಹುದಿತ್ತು. ಆದರೆ ತಪ್ಪೆಲ್ಲ ಅವರೊಬ್ಬರ ತಲೆಯ ಮೇಲೆ ಕೂತಿತ್ತು. “ನೀವು ತಾರೀಖು ಕೇಳಲೆ ಬಂದ ದಿನವೇ ಎನಗೆ ಅನುಮಾನ ಬಂದಿತ್ತು. ಆನು ಹೇಳಿದ್ನಿಲ್ಲೆ. ಹೇಳಿದ್ರೆ ನೀವು ಯಾರೂ ಇವತ್ತು ಬರ್ತಿದ್ರಿಲ್ಲೆ,” ಎಂದೆ.

ಅಕ್ಕೋರು ನನ್ನ ಕಡೆ ತಿರುಗಿದರು, ಯಥಾಪ್ರಕಾರ ಕಿವಿಯ ಆಚೆಗೆ. ಗೌಡರು ತೆಂಗಿನಕಾಯಿಯನ್ನು ಒಡೆಯದೆ ಟವಲಿನಲ್ಲಿ ಕಟ್ಟಿಕೊಂಡರು. ಮರಿ ಓಡಿದ ಮೇಲೆ ಹೇಳಿ ಕಳಿಸುತ್ತೇವೆ, ತಪ್ಪಾಯಿತು, ಕಾಫಿ ಕುಡಿದು ಹೋಗಿ ಎಂದು ಬಂದವರಿಗೆಲ್ಲ ಕೈ ಮುಗಿದರು. ಯಾರೂ ಕಾಫಿ ಕುಡಿಯಲಿಲ್ಲ. ಕೂಣಿಗಳನ್ನು ಟೆಂಪೋಕ್ಕೆ ಎಸೆಯುವ ಸದ್ದು ಬಹಳ ಹೊತ್ತು ಕೇಳಿತು. ಅಷ್ಟೂ ಹೊತ್ತು ಅಕ್ಕೋರು ಏರಿಯ ತುದಿಯಲ್ಲಿ ನಿಂತೇ ಇದ್ದರು, ಹೋಗುವವರು ಹೇಳಿದ್ದನ್ನೆಲ್ಲ ಕೇಳಿಸಿಕೊಳ್ಳುತ್ತ. ಮನೆಗೆ ಹೋಗೋಣ ಎಂದು ನಾನು ಎರಡು ಸಲ ಕರೆದೆ. ಅವರು ಬರಲಿಲ್ಲ.

ಮುಂದಿನದನ್ನೂ ಇದ್ದ ಹಾಗೇ ಬರೆಯುತ್ತೇನೆ. ಆ ವರ್ಷ ಕೆರೆಬೇಟೆ ಆಗಲೇ ಇಲ್ಲ. ಹೊಸ ತಾರೀಖು ಇಡುವ ಮೊದಲೇ ಗುಡುಗು ಮಳೆ ಹಿಡಿದು ಕೆರೆಗೆ ನೀರು ಬಂತು. ಗಿರಿಜಕ್ಕನ ಮಗಳು ಬರಿಗೈಯಲ್ಲಿ ಗಂಡನ ಮನೆಗೆ ಹೋದಳು. ಗಿರಿಜಕ್ಕ ಒಂದು ತಿಂಗಳು ನನ್ನ ಜೊತೆ ಸರಿಯಾಗಿ ಮಾತಾಡಲಿಲ್ಲ. ಅವಳ ಸಿಟ್ಟು ತಪ್ಪು ಎಂದು ನನಗೆ ಈಗಲೂ ಅನ್ನಿಸುವುದಿಲ್ಲ. ಅಕ್ಕೋರನ್ನು ನಾನೇ ಶಿರಸಿಯ ಕಣ್ಣಿನ ಡಾಕ್ಟರ ಹತ್ತಿರ ಕರೆದುಕೊಂಡು ಹೋದೆ. ನೋಟದ ನಡುಭಾಗ ಸವೆದಿದೆ, ಎಡಗಣ್ಣಿನದು ಪೂರ್ತಿ, ಬಲಗಣ್ಣಿನದು ಮುಕ್ಕಾಲು, ಸುತ್ತಲಿನದು ಉಳಿಯುತ್ತದೆ ಎಂದರು. ಬರುವಾಗ ಬಸ್ಸಿನಲ್ಲಿ ಅವರು ಒಂದೇ ಮಾತು ಆಡಿದ್ದು: ಅಣ್ಣನ ಮನೆಗೆ ಒಂದು ಕಾಗದ ಬರೆಯಬೇಕು, ನೀನೇ ಬರೆದುಕೊಡು. ನಾನೇ ಬರೆದೆ. ಜೂನಿನಲ್ಲಿ ಅಣ್ಣನ ಮಗ ಜೀಪು ತಂದು ಅವರನ್ನು ಹಾವೇರಿ ಕಡೆಗೆ ಕರೆದುಕೊಂಡು ಹೋದ.

ಆದರೆ ಮಳೆ ಹಿಡಿದ ದಿನದ್ದು ಒಂದು ಉಳಿದಿದೆ. ಮೋಡ ಕವಿದಿತ್ತು. ಇಬ್ಬರೂ ಕೆರೆಗೆ ಹೋಗಿದ್ದೆವು. ಅವರನ್ನು ಏರಿಯ ಮೇಲೆ ಕೂರಿಸಿ ನಾನು ಜಾಲಿಗಿಡದವರೆಗೆ ಹೋದೆ. ಗುಂಡಿ ಬರಿದಾಗಿತ್ತು, ಒಂದು ಚೂರು ಸಿಪ್ಪೆಯೂ ಇರಲಿಲ್ಲ. ತಾಯಿ ಹಕ್ಕಿ ಸ್ವಲ್ಪ ದೂರದಲ್ಲಿ ಕೂಗುತ್ತಿತ್ತು. ಅದರ ಸುತ್ತ ಕಣ್ಣಿಟ್ಟೆ. ಒಂದು ಹರಳು ಎದ್ದು ಓಡಿತು. ಆಮೇಲೆ ಇನ್ನೊಂದು. ಇನ್ನೊಂದು. ಕಡ್ಡಿಯ ಹಾಗಿನ ಕಾಲು, ಮೈ ಹತ್ತಿಯುಂಡೆ. ನಾಲ್ಕನೆಯದಕ್ಕಾಗಿ ಕತ್ತು ನೋಯುವವರೆಗೆ ಹುಡುಕಿದೆ. ದೊಡ್ಡ ಹನಿ ಬೀಳಲು ಶುರುವಾದ ಮೇಲೆ ಏರಿಗೆ ಓಡಿ ಬಂದೆ.

ಅಕ್ಕೋರು, ಕಂಡ ಹಕ್ಕಿಗಳ ಲೆಕ್ಕ ಬರೆದು ಕೆಳಗೆ ತಮ್ಮ ಹೆಸರು ಹಾಕುತ್ತಿದ್ದ ವಹಿಯನ್ನು ತೊಡೆಯ ಮೇಲೆ ತೆರೆದಿಟ್ಟುಕೊಂಡು ಕೂತಿದ್ದರು. ಪೆನ್ನು ನನ್ನ ಕಡೆ ಚಾಚಿ, ಎಷ್ಟು ಎಂದು ಕೇಳಿದರು.

ಮೂರು ಓಡಿದವು ಎಂದೆ. ಒಂದು ಎಲ್ಲೋ ಹರಳಿನ ನಡುವೆ ಅವಿತು ಕೂತಿರಬಹುದು, ನಾಲ್ಕು ಎಂದೇ ಬರೆಯೋಣವೇ ಎಂದು ಕೇಳಿದೆ. ಅಷ್ಟೆಲ್ಲ ಆದ ಮೇಲೆ ಅವರಿಗೆ ನಾಲ್ಕನ್ನೂ ಕೊಡಬೇಕು ಎಂದು ನನ್ನ ಆಸೆ.

“ನಾಕನೇದು ಕಂಡ್ತೇನು?”

“ಕಂಡಿದ್ದಿಲ್ಲೆ.”

“ಹಂಗಾರ ಮೂರು ಅಂತ ಬರಿ,” ಎಂದರು. ಬರೆದು ವಹಿ ಮುಚ್ಚಲು ಹೋದೆ. ಅವರು ಅಂಗೈ ಅಡ್ಡ ಇಟ್ಟರು. “ಕೆಳಗ ನಿನ್ನ ಹೆಸರು ಹಾಕು. ನನ್ನದಲ್ಲ. ಕಂಡಾಕಿ ನೀನು.”